ಕರೆಂಟಿನ್ಯಾಗ ದೆವ್ವ ಇರಂಗಿಲ್ಲ

“ಒಂದು ಊರಿನಲ್ಲಿ ಒಂದು ನರಿ ಇತ್ತು. ಅದಕ್ಕೆ ತುಂಬಾ ಹಸಿವಾಗಿತ್ತು...”

ಇಷ್ಟು ಓದುವಷ್ಟರಲ್ಲಿ ಹೆಡ್‌ಫೋನಿನಲ್ಲಿ ಚರ್‌ರ್ ಅಂತ ಸದ್ದು. ಆಮೇಲೆ ನನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಸಣ್ಣಗಾಗಿ, ಕೊನೆಗೆ ಏನೂ ಇಲ್ಲ. ನರಿಯೂ ಇಲ್ಲ, ಹಸಿವೂ ಇಲ್ಲ. ಆ ಬೆಳಗ್ಗೆ ಇದು ನಾಲ್ಕನೇ ಸಲ.

“ಥೂ!” ಅಂದೆ, ಸ್ವಲ್ಪ ಜೋರಾಗೇ.

ಹಾಲ್‌ನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅಪ್ಪ ಕೇಳಿದರು, “ಏನಾತವ್ವಾ?”

“ಏನಿಲ್ಲಪ್ಪಾ, ಮೈಕಿಂದು. ನಿಮಗ ಗೊತ್ತಾಗಂಗಿಲ್ಲ, ಬಿಡ್ರಿ.”

ಈಗ ಆ ಮಾತು ನೆನಪಾದರೆ ನಾಲಿಗೆ ಕಚ್ಚಿಕೊಳ್ಳುವ ಹಾಗಾಗುತ್ತೆ.

ನಾನು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್. ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕೋದೇ ನನ್ನ ಕೆಲಸ. ಅದರ ಜೊತೆಗೆ ಎರಡು ವರ್ಷದಿಂದ ಒಂದು ಹುಚ್ಚು ಹತ್ತಿಸಿಕೊಂಡಿದ್ದೆ. ರಾತ್ರಿ ಹೊತ್ತು ಕನ್ನಡದ ಕಥೆಗಳನ್ನು ಓದಿ ರೆಕಾರ್ಡ್ ಮಾಡೋದು. ಬಾಡಿಗೆ ಮನೆಯ ಮಲಗುವ ಕೋಣೆಯ ಒಂದು ಮೂಲೆಯೇ ನನ್ನ ಸ್ಟುಡಿಯೊ. ಒಂದು ಲ್ಯಾಪ್‌ಟಾಪ್, ಒಂದು ಪುಟ್ಟ ಆಡಿಯೊ ಇಂಟರ್‌ಫೇಸ್, ಒಂದು ಕಂಡೆನ್ಸರ್ ಮೈಕ್. ಗೋಡೆಗೆ ಅವ್ವ ಹೊಲಿದ ನಾಲ್ಕು ಕೌದಿ. ಹಳೇ ಸೀರೆ, ಹಳೇ ಧೋತರ ಪದರ ಪದರ ಸೇರಿಸಿ ಹೊಲಿದ ಕೌದಿಯಷ್ಟು ಚೆನ್ನಾಗಿ ಕೋಣೆಯ ಮಾರ್ದನಿ ಹೀರುವ ವಸ್ತು ನನಗಂತೂ ಇನ್ನೊಂದು ಸಿಕ್ಕಿಲ್ಲ. ಅವ್ವ ಈಗ ಇಲ್ಲ. ಕೌದಿ ಇವೆ.

ಮೊದಲ ಸಲ ದುಡ್ಡು ಸಿಗುವ ಕೆಲಸ ಬಂದಿತ್ತು. ಮಕ್ಕಳ ಕಥೆ 14, ಸಮಯ 12 ದಿನ. ಅದೇ ಹೊತ್ತಿಗೆ ಅಪ್ಪನ ಬಲಗಣ್ಣಿನ ಪೊರೆ ಆಪರೇಷನ್. ಹಾವೇರಿ ಕಡೆಯ ಊರಿನಿಂದ ಅವರನ್ನು ಕರೆಸಿಕೊಂಡು, ಆಫೀಸಿಗೆ ರಜೆ ಹಾಕಿ, ಎರಡೂ ಒಟ್ಟಿಗೆ ಮುಗಿಸಿಬಿಡೋಣ ಅಂದುಕೊಂಡೆ. ಆಪರೇಷನ್ ಸುಸೂತ್ರ ಆಯಿತು. ಬಗ್ಗಬಾರದು, ಭಾರ ಎತ್ತಬಾರದು, ಧೂಳಿಗೆ ಹೋಗಬಾರದು ಅಂತ ಡಾಕ್ಟರು ಹೇಳಿದ್ದರು. ಟಿವಿಯೂ ಸದ್ಯಕ್ಕೆ ಬೇಡ ಅಂತ ನಾನೇ ಸೇರಿಸಿದ್ದೆ. ಹಾಗಾಗಿ ಅಪ್ಪನಿಗೆ ಇದ್ದ ಕೆಲಸ ಒಂದೇ, ಸುಮ್ಮನೆ ಕೂರೋದು. ಅವ್ವ ಹೋದ ಮೇಲೆ ಅವರು ಮೊದಲೇ ಮಾತು ಕಡಿಮೆ ಮಾಡಿದ್ದರು.

ಅಪ್ಪ 34 ವರ್ಷ ಲೈನ್‌ಮನ್ ಆಗಿದ್ದವರು. ಕೆಇಬಿ ಹೋಗಿ 2002ರಲ್ಲಿ ಹೆಸ್ಕಾಂ ಬಂದರೂ ಊರವರ ಬಾಯಲ್ಲಿ ಅವರು ಕೊನೇತನಕ ‘ಕೆಇಬಿ ಅಣ್ಣಾರು’. ಮಳೆಗಾಳಿಯ ರಾತ್ರಿ ಕರೆಂಟು ಹೋಯಿತು ಅಂದರೆ ಮೊದಲು ಬಾಗಿಲು ಬಡಿಯುತ್ತಿದ್ದದ್ದು ನಮ್ಮ ಮನೇದೇ. ಆದರೆ ಕಂಬ ಹತ್ತೋದಕ್ಕೂ ಕಂಪ್ಯೂಟರಿಗೂ ಎಲ್ಲಿಂದೆಲ್ಲಿಯ ಸಂಬಂಧ ಅನ್ನೋದು ನನ್ನ ತಿಳಿವಳಿಕೆ.

ಸರಿ, ಮೈಕಿನ ತೊಂದರೆಗೆ ಬರೋಣ. ಮೂರು ಕಾಯಿಲೆ ಇದ್ದವು. ಒಂದು, ಆಗಾಗ ದನಿ ಪೂರ್ತಿ ಸತ್ತುಹೋಗೋದು. ಎರಡು, ನಡುನಡುವೆ ಚರಚರ ಸದ್ದು. ಮೂರು, ಹಿಂದೆ ಸಣ್ಣಗೆ ‘ಗುಂಯ್’ ಅನ್ನೋ ಹಮ್ಮಿಂಗ್, ಜೇನುಹುಳ ಸಿಕ್ಕಿಹಾಕಿಕೊಂಡ ಹಾಗೆ.

ನಾನು ಏನು ಮಾಡಿದೆ? ಎಲ್ಲವನ್ನೂ ಮಾಡಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ, ಲ್ಯಾಪ್‌ಟಾಪ್ ಅಪ್‌ಡೇಟ್ ಮಾಡಿದೆ, ರೆಕಾರ್ಡಿಂಗ್ ಸಾಫ್ಟ್‌ವೇರ್ ಬದಲಿಸಿದೆ, ಮೈಕ್ ಇನ್ನೊಂದು ಮೂಲೆಗೆ ಇಟ್ಟೆ. ಎಲ್ಲಾ ಒಂದೇ ಸಂಜೆ. ಒಂದು ತಾಸು ಸರಿಯಾಗಿತ್ತು. ಆಮೇಲೆ ಮತ್ತೆ ಅದೇ ರಾಗ. ಹೀಗೆ ನಾಲ್ಕು ದಿನ ಹೋಯಿತು. ಮುಗಿದ ಕಥೆ ಒಂದೇ ಒಂದು.

ಐದನೇ ದಿನ ಬೆಳಗ್ಗೆ ಕಾಫಿ ಕೊಡೋಕೆ ಹೋದಾಗ ಅಪ್ಪ ಹಳೇ ಡೈರಿಯೊಂದನ್ನು ಮುಂದೆ ಹಿಡಿದರು. ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದರು: 10.07, 10.37, 11.08, 11.38.

“ಏನ್ರಿ ಇದು?”

“ನೀ ನಿನ್ನೆ ‘ಥೂ’ ಅಂದಾಗೆಲ್ಲ ಗಡಿಯಾರ ನೋಡಿ ಬರ್ಕೊಂಡೀನಿ. ಅರ್ಧ ತಾಸಿಗೊಮ್ಮೆ ಬರ್ತೈತಿ ನೋಡು.”

ನಾನು ನಕ್ಕೆ. ಆ ಮೈಕಿಗೆ ಕೊಡೋ ಕರೆಂಟಿನ ಹೆಸರೇ ಫ್ಯಾಂಟಮ್ ಪವರ್, ಅಂದರೆ ದೆವ್ವದ ಕರೆಂಟು, ಅದಕ್ಕೇ ಹೊತ್ತು ನೋಡಿ ಬರುತ್ತೆ ಅಂದೆ.

ಅಪ್ಪ ನಗಲಿಲ್ಲ. “ಕರೆಂಟಿನ್ಯಾಗ ದೆವ್ವ ಇರಂಗಿಲ್ಲವ್ವಾ. ಲೂಸ್ ಕನೆಕ್ಷನ್ ಇರ್ತಾವು. ಇಲ್ಲಾಂದ್ರ ಲೋಡ್ ಹೆಚ್ಚಾಗಿರ್ತೈತಿ. ನಿನ್ನ ಮೈಕಿಗೆ ಕರೆಂಟ್ ಎಲ್ಲಿಂದ ಬರ್ತೈತಿ? ಮೂಲದಿಂದ ಹೇಳು.”

ಆ ಪ್ರಶ್ನೆಯನ್ನು ನಾಲ್ಕು ದಿನದಲ್ಲಿ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೇಳುತ್ತಾ ಹೋದೆ.

ಸಭೆ ಸಮಾರಂಭದಲ್ಲಿ ಕೈಯಲ್ಲಿ ಹಿಡಿದು ಮಾತಾಡುವ ಸಾಮಾನ್ಯ ಮೈಕ್ ಇದೆಯಲ್ಲ, ಡೈನಾಮಿಕ್ ಮೈಕ್, ಅದಕ್ಕೆ ಹೊರಗಿನ ಕರೆಂಟು ಬೇಕಿಲ್ಲ. ಒಳಗೆ ಅಯಸ್ಕಾಂತ ಇದೆ, ಸುರುಳಿ ಇದೆ. ದನಿಗೆ ಸುರುಳಿ ಅಲುಗಾಡಿದರೆ ತಾನೇ ವಿದ್ಯುತ್ ಹುಟ್ಟುತ್ತೆ. ಕಂಡೆನ್ಸರ್ ಮೈಕ್ ಹಾಗಲ್ಲ. ಅದರಲ್ಲಿ ಒಂದು ತಗಡು, ಅದರ ಮುಂದೆ ಕೂದಲಿಗಿಂತ ತೆಳುವಾದ ಪೊರೆ. ದನಿಗೆ ಪೊರೆ ನಡುಗಿದಾಗ ಅವೆರಡರ ನಡುವಿನ ಅಂತರ ಬದಲಾಗುತ್ತೆ. ಆ ಬದಲಾವಣೆ ಎಷ್ಟು ಸೂಕ್ಷ್ಮ ಅಂದರೆ, ಅದನ್ನು ತಂತಿಗೆ ದಾಟಿಸೋಕೆ ಮೈಕಿನ ಒಳಗೇ ಒಂದು ಪುಟ್ಟ ಸರ್ಕ್ಯೂಟ್ ಬೇಕು. ಅದಕ್ಕೆ ಕರೆಂಟು ಬೇಕು. ಅದೇ 48 ವೋಲ್ಟಿನ ಫ್ಯಾಂಟಮ್ ಪವರ್. ದನಿ ಹೋಗುವ ಅದೇ ಎರಡು ತಂತಿಯಲ್ಲಿ ಸಮಸಮನಾಗಿ ಬರುತ್ತೆ, ಪ್ರತ್ಯೇಕ ತಂತಿ ಕಾಣಲ್ಲ, ಅದಕ್ಕೇ ಆ ಹೆಸರು.

“ನಲವತ್ತೆಂಟ ಯಾಕ?” ಅಂದರು ಅಪ್ಪ.

ಇದು ನನಗೆ ಗೊತ್ತಿತ್ತು. 1966ರಲ್ಲಿ ಜರ್ಮನಿಯ ನ್ಯೂಮನ್ ಕಂಪನಿಯವರು ನಾರ್ವೆಯ ರೇಡಿಯೊಗಾಗಿ ಹೊಸ ಟ್ರಾನ್ಸಿಸ್ಟರ್ ಮೈಕ್ ತಂದಾಗ, ಆ ಸ್ಟುಡಿಯೊಗಳಲ್ಲಿ ಕರೆಂಟು ಹೋದರೆ ಉರಿಯೋ ತುರ್ತು ದೀಪಗಳಿಗೆ ಆಗಲೇ 48 ವೋಲ್ಟ್ ಲೈನ್ ಇತ್ತು. ಅದನ್ನೇ ಮೈಕಿಗೂ ಬಳಸಿದರು. ಮುಂದೆ ಲೋಕಕ್ಕೆಲ್ಲ ಅದೇ ಲೆಕ್ಕವಾಯಿತು.

ಅಪ್ಪನ ಮುಖ ಅರಳಿತು. “ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗೂ ನಲವತ್ತೆಂಟೇ ಇತ್ತು. ಮುಂದ?”

ಮುಂದೆ ಅಂದರೆ ಇಂಟರ್‌ಫೇಸ್. ಅದಕ್ಕೆ ಬರೋದು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಯಿಂದ 5 ವೋಲ್ಟ್ ಮಾತ್ರ. ಅದನ್ನೇ ಏರಿಸಿ 48 ಮಾಡಿಕೊಳ್ಳುತ್ತೆ. ನನ್ನ ಇಂಟರ್‌ಫೇಸ್ ನೇರವಾಗಿ ಲ್ಯಾಪ್‌ಟಾಪಿಗಲ್ಲ, ಒಂದು ಯುಎಸ್‌ಬಿ ಹಬ್‌ಗೆ ಸಿಕ್ಕಿಸಿದ್ದೆ.

“ಆ ಹಬ್ಬಿಗೆ ಮತ್ತೇನೇನ ಹಚ್ಚೀದಿ?”

ಮೌಸ್, ಕೀಬೋರ್ಡ್, ಹಾರ್ಡ್ ಡಿಸ್ಕ್. ಹಾರ್ಡ್ ಡಿಸ್ಕ್ ಅಂದ ತಕ್ಷಣ ನನಗೇ ಹೊಳೆಯಿತು. ಕೆಲಸ ಕಳೆದುಹೋಗಬಾರದು ಅಂತ ಅರ್ಧ ಗಂಟೆಗೊಮ್ಮೆ ತಾನೇ ಬ್ಯಾಕಪ್ ಆಗೋ ಹಾಗೆ ಇಟ್ಟಿದ್ದವಳು ನಾನೇ. ಅರ್ಧ ಗಂಟೆಗೊಮ್ಮೆ ಡಿಸ್ಕ್ ತಿರುಗಲು ಶುರು ಮಾಡಿದಾಗ ಕರೆಂಟೆಲ್ಲ ಅದೇ ಎಳೆದುಕೊಳ್ಳುತ್ತಿತ್ತು. ಯುಎಸ್‌ಬಿ 2.0 ಕಿಂಡಿಯ ಲೆಕ್ಕ 5 ವೋಲ್ಟಿಗೆ 500 ಮಿಲಿಆಂಪ್, ಅಂದರೆ ಎರಡೂವರೆ ವಾಟ್. ಅಷ್ಟರಲ್ಲೇ ನಾಲ್ಕು ಜನ ಹಂಚಿಕೊಳ್ಳಬೇಕಿತ್ತು.

ಅಪ್ಪನಿಗೆ ಇದು ಹೊಸದೇ ಅಲ್ಲ. “ಸಂಜೀಕ ಎಲ್ಲಾರೂ ಪಂಪ್‌ಸೆಟ್ ಚಾಲೂ ಮಾಡಿದ್ರ ಲೈನಿನ ಕೊನೀಗಿರೋ ಮನ್ಯಾಗ ಬಲ್ಬ್ ಮಿಣಮಿಣ ಅಂತಾವಲ್ಲ, ಅದ ಇದು. ನಿನ್ನ ಮೈಕು ಕೊನೀ ಮನಿ.”

ಹಬ್ ತೆಗೆದು ಇಂಟರ್‌ಫೇಸ್ ಅನ್ನು ನೇರ ಲ್ಯಾಪ್‌ಟಾಪಿಗೆ ಹಾಕಿದೆ. ಚರಚರ ಸದ್ದಿಗೆ ಹೊಸ ಕೇಬಲ್ ತರೋಕೆ ಮೊಬೈಲ್ ತೆಗೆದೆ. ಅಪ್ಪ ತಡೆದರು. “ಒಮ್ಮೆಲೆ ಎರಡು ಬದಲಿ ಮಾಡಬ್ಯಾಡ. ಯಾವ್ದು ತಪ್ಪಿತ್ತು ಅಂತ ಆಮ್ಯಾಲೆ ಹೆಂಗ ತಿಳೀತೈತಿ? ಮೊದಲ ಇದನ್ನ ನೋಡು.” ಆಫೀಸಿನಲ್ಲಿ ಹೊಸಬರಿಗೆ ನಾನು ಹೇಳಿಕೊಡೋ ಪಾಠ ಇದೇ. ಮನೆಯಲ್ಲಿ ಮರೆತಿದ್ದೆ.

ಎರಡು ಗಂಟೆ ರೆಕಾರ್ಡ್ ಮಾಡಿದೆ. ಒಮ್ಮೆಯೂ ದನಿ ಸಾಯಲಿಲ್ಲ. ಚರಚರ ಮತ್ತು ಗುಂಯ್ ಉಳಿದವು.

ಮರುದಿನ ಎಸ್‌.ಪಿ. ರೋಡಿಗೆ ಹೋಗಿ ಒಂದು ಸಾದಾ ಮಲ್ಟಿಮೀಟರ್ ತಂದೆ. ಅಪ್ಪ ಬಗ್ಗುವ ಹಾಗಿಲ್ಲ, ಸಣ್ಣದು ಸರಿಯಾಗಿ ಕಾಣುವುದೂ ಇಲ್ಲ. ಹಾಗಾಗಿ ಅವರು ಕುರ್ಚಿಯಲ್ಲಿ ಕೂತು ಹೇಳೋದು, ನಾನು ನೆಲದ ಮೇಲೆ ಕೂತು ಮಾಡೋದು, ಮೀಟರ್‌ನಲ್ಲಿ ಬಂದದ್ದನ್ನು ಗಟ್ಟಿಯಾಗಿ ಓದೋದು.

ಮೈಕಿನ ಕೇಬಲ್ಲಿಗೆ ಮೂರು ಪಿನ್. ಪಕ್ಕದಲ್ಲೇ 1, 2, 3 ಅಂತ ಸಣ್ಣದಾಗಿ ಕೊರೆದಿರುತ್ತಾರೆ. 2 ಮತ್ತು 3 ದನಿಯವು, 1 ಅವುಗಳ ಸುತ್ತಲಿನ ಜಾಲರಿ ತಂತಿ. 48 ವೋಲ್ಟ್ 2 ಮತ್ತು 3ರಲ್ಲಿ ಬಂದು 1ರಲ್ಲಿ ವಾಪಸ್ ಹೋಗುತ್ತೆ. ಮೈಕ್ ಬಿಚ್ಚಿಟ್ಟು, ಕೇಬಲ್ಲಿನ ಮೈಕಿನ ತುದಿಯಲ್ಲಿ ಮೀಟರ್ ಕಡ್ಡಿ ಇಟ್ಟೆ. 1 ಮತ್ತು 2ರ ನಡುವೆ 47.6. ಸರಿ ಇದೆ. 44ರಿಂದ 52ರ ಒಳಗಿದ್ದರೆ ಆಯಿತು.

“ಈಗ ಕೇಬಲ್ ಅಲುಗಾಡಿಸು.”

ಅಲುಗಾಡಿಸಿದೆ. 47, 12, 0, 47. ಮೀಟರ್ ಕುಣಿಯಿತು. 1 ಮತ್ತು 3ರ ನಡುವೆ ಇಟ್ಟೆ. ಅಲ್ಲೂ ಅದೇ ಕುಣಿತ.

“ಎರಡೂ ಸಲ ಇದ್ದದ್ದು ಯಾವ್ದು?”

“ಒಂದು.”

“ಹಂಗಾರ ಅದನ್ನ ಬಿಚ್ಚಿ ನೋಡು.”

ಕನೆಕ್ಟರಿನ ಮುಚ್ಚಳ ತಿರುಗಿಸಿ ತೆಗೆದರೆ 1ನೇ ಪಿನ್ನಿನ ಬೆಸುಗೆ ಬಿಟ್ಟು ಜಾಲರಿ ತಂತಿ ಎರಡು ಎಳೆಯ ಮೇಲೆ ನಿಂತಿತ್ತು. ವಾಪಸ್ ಹೋಗೋ ದಾರಿಯೇ ಇಲ್ಲದಿದ್ದರೆ ಮೈಕಿಗೆ ಕರೆಂಟು ಹೇಗೆ ಸಿಗಬೇಕು? ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನಿಂದ ಬೆಸುಗೆ ಕಡ್ಡಿ ತಂದು, ಅಪ್ಪ ಹೇಳಿದ ಹಾಗೆ ಮೊದಲು ಪಿನ್ನು ಕಾಯಿಸಿ ಆಮೇಲೆ ಸೀಸ ಮುಟ್ಟಿಸಿದೆ. ಮೊದಲ ಸಲ ಉಂಡೆ ಆಯಿತು. ಎರಡನೇ ಸಲ ಕೂತಿತು. ಚರಚರ ನಿಂತಿತು. ಹೊಸ ಕೇಬಲ್ಲಿನ ದುಡ್ಡೂ ಉಳಿಯಿತು.

ಉಳಿದದ್ದು ‘ಗುಂಯ್’.

ಆ ಸಂಜೆ ಅಪ್ಪ ಕೋಣೆಗೆ ಬಂದು ಕೌದಿಯ ಅಂಚು ಸವರಿ ನೋಡುತ್ತಾ ನಿಂತಿದ್ದರು. ಹಾಗೇ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟವರು ಸಟ್ಟನೆ ತೆಗೆದರು.

“ಇದು ಜುಮ್ ಅಂತೈತಲ್ಲ?”

“ಹೂಂ, ಚಾರ್ಜರ್ ಹಾಕಿದಾಗ ಹಂಗೇ ಅಂತೈತಿ. ಮೊದಲಿಂದಾನೂ ಐತಿ, ಏನೂ ಆಗಂಗಿಲ್ರಿ.”

ಅಪ್ಪನ ದನಿ ಒಮ್ಮೆಗೇ ಬದಲಾಯಿತು. “ಚಾರ್ಜರ್ ತಗಿ. ಈಗಿಂದೀಗ ತಗಿ.”

ತೆಗೆದೆ. ಹೆಡ್‌ಫೋನಿನಲ್ಲಿ ಗುಂಯ್ ಅನ್ನೋದೂ ನಿಂತಿತು! ನನಗೆ ಖುಷಿ. ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿದರಾಯಿತು ಅಂದೆ. ಇಂಟರ್‌ನೆಟ್ಟಿನಲ್ಲಿ ಯಾರೋ ಹೇಳಿದ್ದ ಇನ್ನೊಂದು ಉಪಾಯವನ್ನೂ ಹೇಳಿದೆ, ಚಾರ್ಜರಿನ ಮೂರನೇ ಪಿನ್ ತೆಗೆದುಬಿಟ್ಟರೆ ಹಮ್ಮಿಂಗ್ ಹೋಗುತ್ತಂತೆ.

ಅಪ್ಪ ಕುರ್ಚಿ ಎಳೆದು ಕೂತರು. “ಆ ಮೂರನೇ ಪಿನ್ನು ಯಾಕ ದಪ್ಪ, ಯಾಕ ಉದ್ದ ಐತಿ ಗೊತ್ತೈತೇನು? ಹಾಕೂವಾಗ ಎಲ್ಲಾರಕಿಂತ ಮೊದಲ ಅದು ಮುಟ್ಟಬೇಕು, ತಗಿಯೂವಾಗ ಎಲ್ಲಾರಕಿಂತ ಕಡೀಕ ಅದು ಬಿಡಬೇಕು ಅಂತ. ಅದು ಅರ್ಥಿಂಗ್. ಅದನ್ನ ತಗೀತೀನಿ ಅಂತೀಯಲ್ಲ!”

ಗೋಡೆಯ ಸಾಕೆಟ್ಟಿಗೆ ಅವರೇ ಪಕ್ಕದಲ್ಲಿ ನಿಂತು ಮೀಟರ್ ಹಚ್ಚಿಸಿದರು. ಫೇಸ್‌ಗೂ ನ್ಯೂಟ್ರಲ್‌ಗೂ 229. ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಬಂದದ್ದು 97, ಅದೂ ನಿಲ್ಲದೆ ತೇಲಾಡುತ್ತಿತ್ತು. ಅಂದರೆ ಆ ಕೋಣೆಯ ಸಾಕೆಟ್ಟಿಗೆ ಅರ್ಥಿಂಗ್ ತಲುಪಿಯೇ ಇರಲಿಲ್ಲ. ಚಾರ್ಜರಿನಿಂದ ಸೋರೋ ಚೂರು ಕರೆಂಟು ನೆಲಕ್ಕೆ ಇಳಿಯಲು ದಾರಿ ಇಲ್ಲದೆ ಲ್ಯಾಪ್‌ಟಾಪಿನ ಮೈಮೇಲೆ, ಅಲ್ಲಿಂದ ಯುಎಸ್‌ಬಿ ತಂತಿಯಲ್ಲಿ, ಅಲ್ಲಿಂದ ಮೈಕಿನೊಳಗೆ ಓಡಾಡುತ್ತಿತ್ತು. ನಾನು ಮೂರು ವರ್ಷದಿಂದ ಆ ಕೋಣೆಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದೆ.

ಮನೆ ಮಾಲೀಕರಿಗೆ ಫೋನ್ ಮಾಡಿದೆ. ಎಲೆಕ್ಟ್ರಿಷಿಯನ್ ಸೋಮವಾರ ಬರುತ್ತಾನೆ ಅಂದರು. ಅಪ್ಪನಿಗೆ ಸೋಮವಾರದ ತನಕ ಕಾಯುವ ಮನಸ್ಸಿಲ್ಲ. “ನಾ ಇದ್ದೀನಲ್ಲ. ಬಗ್ಗೂದು ನೀ, ಹೇಳೂದು ನಾ.”

ಅವರು ಬಾಗಿಲ ಬಳಿಯ ಡಿಬಿ ಪೆಟ್ಟಿಗೆಗೆ ಹೋಗಿ ಆ ಕೋಣೆಯ ಎಂಸಿಬಿ ಇಳಿಸಿದರು. ಆಮೇಲೆ ಅಲ್ಲಿಂದ ಕದಲಲಿಲ್ಲ. ಎಂಸಿಬಿ ಮೇಲೆ ಕೈ ಇಟ್ಟು ನಿಂತೇ ಇದ್ದರು.

“ಯಾಕಪ್ಪಾ ಅಲ್ಲೇ ನಿಂತೀರಿ? ಮನ್ಯಾಗ ಇರೋದು ನಾವಿಬ್ಬರೇ.”

“ಎಲ್‌ಸಿ ಕೊಟ್ಟ ಮ್ಯಾಲೆ ಕೊಟ್ಟಂವ ಜಾಗಾ ಬಿಡಬಾರದು. ಟೆಸ್ಟರ್ ಹಚ್ಚಿ ನೋಡು.”

“ನೀವೇ ಬಂದ್ ಮಾಡೀರಲ್ರಿ.”

“ನಾನ ಮಾಡಿದ್ರೂ ನೋಡು.”

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮುಂಚೆ ಲೈನ್ ಬಂದ್ ಮಾಡಿಸಿ ಪಡೆಯುವ ಅನುಮತಿ. ಚಿಕ್ಕವಳಿದ್ದಾಗ ದಿನಾ ಕೇಳಿದ್ದ ಪದ. ಟೆಸ್ಟರ್ ಹಚ್ಚಿದೆ, ಉರಿಯಲಿಲ್ಲ. ಬೋರ್ಡ್ ಬಿಚ್ಚಿದೆ. ಹಸಿರು ತಂತಿ ಒಳಗೆ ಇತ್ತು, ಆದರೆ ಸ್ಕ್ರೂಗೆ ಹಾಕದೆ ಹಾಗೇ ಮಡಚಿ ಬಿಟ್ಟಿದ್ದರು. ತುದಿ ಸುಲಿದು, ಸ್ಕ್ರೂ ಸಡಿಲಿಸಿ, ಸೇರಿಸಿ ಬಿಗಿ ಮಾಡಿದೆ. ಹತ್ತು ನಿಮಿಷದ ಕೆಲಸ.

ಆ ಹತ್ತು ನಿಮಿಷ ಅಪ್ಪ ಬಾಗಿಲ ಬಳಿಯಿಂದಲೇ ಮಾತಾಡಿದರು. ಅವ್ವ ಹೋದ ಮೇಲೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು.

ಅಪ್ಪನ ಎಡಗೈಯ ಎರಡು ಬೆರಳು ಮಡಚುವುದಿಲ್ಲ. ಸೈಕಲ್ ಚೈನಿಗೆ ಸಿಕ್ಕಿದ್ದು ಅಂತ ನನಗೂ ಅಣ್ಣನಿಗೂ ಹೇಳಿದ್ದರು. ನಾವೂ ನಂಬಿದ್ದೆವು. ಅದು ಸೈಕಲ್ ಚೈನ್ ಅಲ್ಲವಂತೆ. ನಾನಾಗ ಎರಡು ವರ್ಷದವಳು. ಎಲ್‌ಸಿ ತಗೊಂಡೇ ಕಂಬ ಹತ್ತಿದ್ದರಂತೆ. ಲೈನ್ ಸತ್ತಿತ್ತು. ಆದರೆ ಸತ್ತ ಲೈನಿಗೂ ಕೈ ಹಾಕುವ ಮುಂಚೆ ಅರ್ಥಿಂಗ್ ರಾಡ್ ಹಾಕಿ ತಂತಿಯನ್ನು ನೆಲಕ್ಕೆ ಸೇರಿಸಬೇಕು. ಮಳೆ ಬರೋ ಹಾಗಿತ್ತು, ಐದು ನಿಮಿಷ ಉಳಿಸೋಣ ಅಂತ ಅವತ್ತು ಬಿಟ್ಟರು. ಕೆಳಗೆ ಯಾರದೋ ಮದುವೆ ಮನೆ. ಕರೆಂಟು ಹೋಯಿತು ಅಂತ ಅವರು ಜನರೇಟರ್ ಶುರು ಮಾಡಿದರು. ಚೇಂಜ್‌ಓವರ್ ಸ್ವಿಚ್ ಹಾಕಿರಲಿಲ್ಲ. ಜನರೇಟರಿನ ಕರೆಂಟು ಮನೆಯಿಂದ ಹಿಂದಕ್ಕೆ ಹರಿದು ಕಂಬಕ್ಕೆ ಬಂತು.

“ಬೆಲ್ಟ್ ಇತ್ತು, ಉಳದೆ. ನಿಮ್ಮವ್ವ ಹೆದರಿ ಕೆಲಸ ಬಿಡು ಅಂತಾಳ ಅಂತ ಮನ್ಯಾಗ ಸೈಕಲ್ ಚೈನ್ ಅಂದೆ. ಆಕಿಗೆ ಗೊತ್ತಾಗಿತ್ತು. ಸುಟ್ಟ ಗಾಯ ಗೊತ್ತಾಗದ ಇರ್ತೈತೇನು? ಆದ್ರ ಆಕೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.”

ನಾನು ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿದ್ದೆ. ಏನು ಹೇಳಬೇಕೋ ತಿಳಿಯಲಿಲ್ಲ. “ಆತ್ರಿ ಅಪ್ಪಾ, ಬಿಗಿ ಮಾಡೀನಿ” ಅಂದೆ.

“ಕೈ ತಗದೀ? ಖರೇ?”

“ತಗದೀನಿ.”

ಆಮೇಲೇ ಎಂಸಿಬಿ ಏರಿಸಿದರು. ಮೀಟರ್ ಹಚ್ಚಿದೆ. ಫೇಸ್‌ಗೂ ಅರ್ಥ್‌ಗೂ 228. ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನಲಿಲ್ಲ. ಹೆಡ್‌ಫೋನ್ ಹಾಕಿಕೊಂಡರೆ ಒಳಗೆ ಎಂಥಾ ಮೌನ ಅಂತೀರಿ! ಕೌದಿಯ ಆಚೆ ಅಪ್ಪ ಉಸಿರಾಡುವುದು ಕೇಳುತ್ತಿತ್ತು.

ಉಳಿದ ದಿನಗಳಲ್ಲಿ ಕಥೆಗಳು ಸರಾಗವಾಗಿ ಮುಗಿದವು. ಹನ್ನೆರಡನೇ ದಿನ ರಾತ್ರಿ ಹನ್ನೊಂದಕ್ಕೆ ಕೊನೆಯ ಕಥೆ ಕಳಿಸಿದೆ.

ಮನೆಯಲ್ಲೇ ಪಾಡ್‌ಕಾಸ್ಟ್, ಹಾಡು, ಕಥೆ ಅಂತ ರೆಕಾರ್ಡ್ ಮಾಡುವವರು ಈಗ ಬಹಳ ಜನ. ನಿಮ್ಮ ಕಂಡೆನ್ಸರ್ ಮೈಕೂ ಹೀಗೆ ಕೈಕೊಟ್ಟರೆ ಮೈಕನ್ನೇ ಬೈಯಬೇಡಿ. ಮೊದಲು ಇಂಟರ್‌ಫೇಸಿನ 48 ವೋಲ್ಟ್ ಗುಂಡಿ ಒತ್ತಿದ್ದೀರಾ ನೋಡಿ. ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲೇ ಬಳಸಿ, ಗಿಟಾರಿಗೆ ಹಾಕೋ ದಪ್ಪ ಜ್ಯಾಕ್‌ನಲ್ಲಿ ಸಾಮಾನ್ಯವಾಗಿ ಫ್ಯಾಂಟಮ್ ಪವರ್ ಬರುವುದಿಲ್ಲ. ಹಬ್ ಬಿಟ್ಟು ನೇರ ಲ್ಯಾಪ್‌ಟಾಪಿಗೆ ಸಿಕ್ಕಿಸಿ. ಆಮೇಲೆ ಗೆಳೆಯರಿಂದ ಒಂದು ಕೇಬಲ್ ಕಡ ತಂದು ಹಾಕಿ ನೋಡಿ. ಮೈಕ್ ಹಾಕುವಾಗ, ತೆಗೆಯುವಾಗ 48 ವೋಲ್ಟ್ ಬಂದ್ ಮಾಡಿ, ಸ್ಪೀಕರ್ ದನಿ ತಗ್ಗಿಸಿ, ನಾಲ್ಕಾರು ಸೆಕೆಂಡ್ ಕಾಯಿರಿ. ಎಲ್ಲಕ್ಕಿಂತ ಮುಖ್ಯ, ಒಂದು ಸಲಕ್ಕೆ ಒಂದೇ ಬದಲಾವಣೆ. ಚಾರ್ಜರ್ ತೆಗೆದರೆ ಹಮ್ಮಿಂಗ್ ನಿಂತಿತು ಅಂದರೆ ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬೋರ್ಡ್ ಬಿಚ್ಚುವ ಕೆಲಸ ಮಾತ್ರ ತಿಳಿದವರಿಗೇ ಬಿಡಿ. ನನ್ನ ಹಿಂದೆ 34 ವರ್ಷದ ಅನುಭವ ನಿಂತಿತ್ತು.

ಇದನ್ನೆಲ್ಲ ಬರೆಯಲಾ ಅಂತ ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಬೆರಳಿನ ವಿಷಯ ಬೇಡ ಅನ್ನಬಹುದು ಅಂದುಕೊಂಡಿದ್ದೆ.

“ಬರಿ. ಆದ್ರ ಚೇಂಜ್‌ಓವರ್ ಸ್ವಿಚ್ ಇಲ್ದ ಜನರೇಟರ್ ಹಚ್ಚಬ್ಯಾಡ್ರಿ ಅಂತ ತಪ್ಪದ ಹಾಕು. ಕಂಬದ ಮ್ಯಾಲೆ ಯಾರರ ಇರ್ತಾರ.”

ಹಾಕಿದ್ದೇನೆ ಅಪ್ಪಾ.

ಮೊದಲೆಲ್ಲ ಅವರ ಫೋನ್ ಅಂದರೆ “ಊಟ ಆತಾ?” “ಆತ್ರಿ” ಅಷ್ಟೇ, ಅರ್ಧ ನಿಮಿಷ. ಈಗ ಊಟದ ಪ್ರಶ್ನೆ ಆದ ಮೇಲೆ ಇನ್ನೊಂದಿದೆ.

“ಲ್ಯಾಪ್‌ಟಾಪ್ ಜುಮ್ ಅಂತೈತೇನು?”

“ಇಲ್ರಿ.”

“ಕೈ ಹಚ್ಚಿ ನೋಡಿ ಹೇಳು.”

ಫೋನ್ ಹಿಡಿದುಕೊಂಡೇ ಕೋಣೆಗೆ ಹೋಗಿ, ಕೈ ಹಚ್ಚಿ ನೋಡಿ ಹೇಳುತ್ತೇನೆ.